ಶನಿವಾರ ಬಾವಿಯಲ್ಲಿ ಮೀನಿರಬಹುದೇ?

ನನ್ನನ್ನು ಬೀದಿಯಲ್ಲಿ ಕಂಡರೆ ಜನ ಮೊದಲು ಗೇಟು ಹಾಕಿಕೊಳ್ಳುತ್ತಾರೆ. ಆಮೇಲೆ ಅದೇ ಗೇಟಿನ ಹಿಂದೆ ನಿಂತು "ಮನೇಲಿ ಯಾರೂ ಇಲ್ಲ" ಅನ್ನುತ್ತಾರೆ. ಇಂಥದ್ದು ನನಗೆ ವಾರಕ್ಕೊಮ್ಮೆಯಾದರೂ ಆಗದಿದ್ದರೆ ರಜೆಯಲ್ಲಿದ್ದೇನೆ ಅಂತ ಅರ್ಥ. ಸರ್ಕಾರದ ಲೆಕ್ಕದಲ್ಲಿ ನಾನು ಆರೋಗ್ಯ ನಿರೀಕ್ಷಣಾಧಿಕಾರಿ. ಅತ್ತಿಗುಪ್ಪೆಯಿಂದ ಆರ್‌ಪಿಸಿ ಲೇಔಟ್‌ವರೆಗೆ ನನ್ನ ಹೆಸರು ಸೊಳ್ಳೆ ಮೇಡಂ.

ಟ್ರೈನಿಂಗಿನಲ್ಲಿ ಸಾರ್ವಜನಿಕ ಆರೋಗ್ಯದ ಬಗ್ಗೆ ದಪ್ಪ ಪುಸ್ತಕ ಓದಿಸಿದ್ದರು. ಅದರ ಸಾರ ಇಷ್ಟು. ಕಾಯಿಲೆ ಬಂದ ಮೇಲೆ ಓಡಾಡುವುದು ಡಾಕ್ಟರ ಕೆಲಸ, ಬರದ ಹಾಗೆ ಓಡಾಡುವುದು ನಮ್ಮ ಕೆಲಸ. ನಮ್ಮ ಕೆಲಸ ಸರಿಯಾಗಿ ನಡೆದರೆ ಏನೂ ಆಗುವುದಿಲ್ಲ, ಏನೂ ಆಗದಿದ್ದುದಕ್ಕೆ ಯಾರೂ ಹಾರ ಹಾಕುವುದಿಲ್ಲ. ಹಾರ ಬೇಡ ಅಂತ ನಾನು ಎಂದೋ ತೀರ್ಮಾನಿಸಿದ್ದೇನೆ, ಗೇಟು ತೆಗೆದರೆ ಸಾಕು. ತೆಗೆಯದಿದ್ದರೆ ತೆಗೆಯುವವರೆಗೂ ಬೆಲ್ ಒತ್ತುತ್ತೇನೆ.

ಹೊಗೆ ಬೇಕು, ಒಳಗೆ ಬರಬಾರದು

ಆ ಮಳೆಗಾಲ ಒಂದು ಬೀದಿಯಲ್ಲಿ ಡೆಂಗಿ ಶುರುವಾಯಿತು. ಮಕ್ಕಳು ಒಬ್ಬರ ಹಿಂದೊಬ್ಬರು ಮಲಗಿದರು. ಬೀದಿಯ ಅಸೋಸಿಯೇಷನ್ ಸೆಕ್ರೆಟರಿ ರಿಟೈರಾದ ಮನುಷ್ಯ, ಟ್ರ್ಯಾಕ್ ಪ್ಯಾಂಟಿನಲ್ಲೇ ದಿನ ಕಳೆಯುವವರು. ಬೆಳಗಾಗುವುದರೊಳಗೆ ಅವರ ಫೋನು ಬಂತು.

"ಮೇಡಂ, ಹೊಗೆ ಮಿಷನ್ ಯಾವಾಗ ಕಳಿಸ್ತೀರಿ? ಟ್ಯಾಕ್ಸ್ ಕಟ್ತೀವಿ ನಾವು."

"ಹೊಗೆಗಿಂತ ಮೊದಲು ನಿಂತಿರೋ ನೀರು ಚೆಲ್ಲಬೇಕು ಸಾರ್."

"ನೀರು ಚೆಲ್ಲೋದು ಯಾರಿಗೂ ಕಾಣಲ್ಲ ಮೇಡಂ. ಹೊಗೆ ಹಾಕ್ಸಿ, ಜನಕ್ಕೆ ಧೈರ್ಯ ಬರುತ್ತೆ."

ಸರಿ, ಮಿಷನ್ ತರಿಸಿದೆ. ಅದು ಗುರ್ ಎಂದು ಬೀದಿಗೆ ಕಾಲಿಟ್ಟಿತೋ ಇಲ್ಲವೋ, ಎಲ್ಲ ಮನೆಗಳ ಕಿಟಕಿ ಬಾಗಿಲು ಮುಚ್ಚಿಕೊಂಡವು. ಸೆಕ್ರೆಟರಿ ಬಾಗಿಲ ಸಂದಿಗೆ ಹಳೇ ಟವೆಲ್ ತುರುಕಿದ್ದರು. ಕಿಟಕಿ ಗಾಜು ತಟ್ಟಿದೆ.

"ಸಾರ್, ತೆಗೀರಿ. ಡೆಂಗಿ ಸೊಳ್ಳೆ ಮನೆಯೊಳಗೇ ಇರೋದು."

"ಹೊಗೆ ಬಂದ್ರೆ ಕೆಮ್ಮು ಬರುತ್ತೆ ಮೇಡಂ."

ಹೊಗೆ ಆರಿದ ಮೇಲೆ ನಾನು ಬಿಡದೆ ಒಳಗೆ ಹೋದೆ. ಫ್ರಿಜ್ಜಿನ ಹಿಂದೆ ನೀರು ಸೋರಿ ನಿಲ್ಲುವ ಒಂದು ತಟ್ಟೆ ಇರುತ್ತದೆ. ಅಲ್ಲೊಂದು ತಟ್ಟೆ ಇದೆ ಎಂಬುದೇ ಎಷ್ಟೋ ಮನೆಯವರಿಗೆ ಗೊತ್ತಿರುವುದಿಲ್ಲ. ಎಳೆದು ತೋರಿಸಿದೆ. ಸೊಳ್ಳೆ ಮರಿಹುಳಗಳು ಬಳುಕಾಡುತ್ತಿದ್ದವು. ಸೆಕ್ರೆಟರಿ ಕನ್ನಡಕ ಹಾಕಿಕೊಂಡು ಬಗ್ಗಿ ಸಾವಕಾಶವಾಗಿ ನೋಡಿದರು.

"ಇವು ನಮ್ಮನೇವು ಮೇಡಂ," ಎಂದರು. "ಕಚ್ಚೋವು ಆ ಬಾವಿ ಕಡೆಯಿಂದ ಬರ್ತವೆ."

ನಲ್ಲಿಗೆ ಪೂಜೆ

ಅವರು ಹೇಳಿದ ಬಾವಿ ಬೀದಿಯ ತಿರುವಿನಲ್ಲಿ, ಒಬ್ಬ ಅಜ್ಜಿಯ ಮನೆಯೆದುರಿಗಿದೆ. ಲೇಔಟ್ ಬರುವ ಮೊದಲು ಆ ಜಾಗವೆಲ್ಲ ಅಜ್ಜಿಯ ಮನೆಯವರ ರಾಗಿ ಹೊಲ. ಹೊಲ ಸೈಟಾಯಿತು, ಸೈಟಿನ ಮೇಲೆ ಮೂರಂತಸ್ತಿನ ಮನೆಗಳೆದ್ದವು, ಬಾವಿ ಮಾತ್ರ ರಸ್ತೆಯಂಚಿನಲ್ಲಿ ಹಾಗೇ ಉಳಿಯಿತು. ಅದನ್ನು ಚಪ್ಪಡಿ ಹಾಕಿ ಮುಚ್ಚಿಸಬೇಕೆಂದು ಸೆಕ್ರೆಟರಿ ಬಹಳ ದಿನದಿಂದ ಓಡಾಡುತ್ತಿದ್ದರು. ಮೊದಲೆಲ್ಲ ಮಕ್ಕಳು ಬಿದ್ದಾರು ಎನ್ನುತ್ತಿದ್ದರು, ಈಗ ಸೊಳ್ಳೆ ಸಿಕ್ಕಿತು. ಒಮ್ಮೆ ಮಾತಿನ ಭರದಲ್ಲಿ "ಮುಚ್ಚಿದ್ರೆ ಎರಡು ಕಾರು ಆರಾಮಾಗಿ ನಿಲ್ಲುತ್ತೆ" ಎಂದೂ ನನ್ನ ಹತ್ತಿರ ಹೇಳಿಬಿಟ್ಟಿದ್ದರು.

ಆದರೆ ಬಾವಿಗೆ ಟಾರ್ಚ್ ಬಿಟ್ಟು ನೋಡಿದರೆ ಸೆಕ್ರೆಟರಿ ಹೇಳಿದ್ದು ಸುಳ್ಳಾಗಿರಲಿಲ್ಲ. ನೀರಿನ ತುಂಬ ಹುಳ. ಅಜ್ಜಿಯ ಜಗಲಿಯ ಮೇಲೆ ಮೊಮ್ಮಗಳು ಕೂತಿದ್ದಳು, ಹೆರಿಗೆಗೆ ಬಂದ ಏಳು ತಿಂಗಳ ಬಸುರಿ. ಹಿಂದೊಮ್ಮೆ ಡೆಂಗಿ ಬಂದ ಬಸುರಿಯೊಬ್ಬಳನ್ನು ಆಸ್ಪತ್ರೆಗೆ ಸಾಗಿಸಿದ್ದೆ. ತಾಯಿ ಮಗು ಇಬ್ಬರೂ ಉಳಿದರು, ಆದರೂ ಆ ವಾರವೆಲ್ಲ ನನಗೆ ಗಂಟಲಲ್ಲಿ ಅನ್ನ ಇಳಿದಿರಲಿಲ್ಲ. ಈ ಹುಡುಗಿಗೆ ಹಾಗಾಗಬಾರದು ಎಂದು ಅಲ್ಲೇ ಹಟ ಹಿಡಿದೆ.

"ಅಜ್ಜಿ, ಬಾವಿಗೆ ಸ್ವಲ್ಪ ಔಷಧಿ ಹಾಕ್ತೀನಿ."

ಅಜ್ಜಿ ಎಲೆಅಡಿಕೆ ಉಗಿದು ಬಂದು ಬಾವಿಕಟ್ಟೆಯ ಮೇಲೆ ಕೂತರು. "ಗಂಗಮ್ಮಂಗೆ ವಿಷ ಹಾಕ್ತೀಯೇನಮ್ಮ? ಮೊದಲು ನನಗೆ ಹಾಕು, ಆಮೇಲೆ ಬಾವಿಗೆ ಹಾಕು."

"ಹಾಗಾದ್ರೆ ಸೆಕ್ರೆಟರಿ ಬಾವಿ ಮುಚ್ಚಿಸಿಬಿಡ್ತಾರೆ ಅಜ್ಜಿ."

"ಅದು ಹೆಂಗೆ ಮುಚ್ತಾರೆ ನೋಡೇಬಿಡ್ತೀನಿ. ಈ ಮನೆ ಬಾಣಂತೀರೆಲ್ಲ ಗಂಗೆ ಪೂಜೆ ಮಾಡಿರೋದು ಇಲ್ಲೇ. ನನ್ನ ಮೊಮ್ಮಗಳೂ ಇಲ್ಲೇ ಮಾಡ್ಬೇಕು."

ಮೊಮ್ಮಗಳು ಮೆಲ್ಲಗೆ, "ನಲ್ಲಿ ಹತ್ರಾನೇ ಮಾಡಿದ್ರಾಯ್ತು ಬಿಡಜ್ಜಿ" ಎಂದಳು.

"ನಲ್ಲೀಲಿ ನೀರು ಬರೋದು ದಿನ ಬಿಟ್ಟು ದಿನ," ಎಂದರು ಅಜ್ಜಿ. "ಹಂಗಾದ್ರೆ ನೀನು ನೀರು ಬಿಡೋನ್ನ ಕೇಳ್ಕೊಂಡು ಹೆರಬೇಕಾಗ್ತದೆ."

ವಾರದ ಪ್ರಶ್ನೆ

ಔಷಧಿ ಬೇಡವಾದರೆ ನಮ್ಮ ಹತ್ತಿರ ಇನ್ನೊಂದು ಉಪಾಯವಿದೆ. ಗಪ್ಪಿ ಎಂಬ ಸಣ್ಣ ಮೀನು ಬಿಟ್ಟರೆ ಅದು ಸೊಳ್ಳೆಯ ಹುಳವನ್ನು ತಿಂದು ಬದುಕುತ್ತದೆ. ಅಜ್ಜಿಗೆ ಹೇಳಿದೆ. ಅವರದು ಭಾನುವಾರ ಬಂದರೆ ಸಾರಿನ ಘಮ ಬೀದಿಗೆಲ್ಲ ಹರಡುವ ಮನೆ, ಮೀನೆಂದರೆ ಮುಖ ಸಿಂಡರಿಸುವವರಲ್ಲ. ಒಪ್ಪಿಬಿಡುತ್ತಾರೆ ಎಂದುಕೊಂಡೆ. ಅಜ್ಜಿ ಬೆರಳು ಮಡಿಸಿ ವಾರ ಎಣಿಸಿದರು.

"ಎಲ್ಲಾ ಸರಿ. ಸೋಮವಾರ ಶನಿವಾರ ಏನ್ಮಾಡೋದು?"

"ಏನ್ಮಾಡೋದು ಅಂದ್ರೆ?"

"ಸೋಮವಾರ ಶನಿವಾರ ನಾವು ಮೀನು ಮುಟ್ಟಲ್ಲ ಕಣಮ್ಮ. ದೇವರ ಬಾವೀಲಿ ಮೀನಿಟ್ಕೊಂಡು ಆ ನೀರಲ್ಲಿ ದೀಪದ ಕಂಬ ತೊಳೆಯೋದು ಹೆಂಗೆ?"

ಇಷ್ಟು ವರ್ಷದ ಸರ್ವೀಸಿನಲ್ಲಿ ನನ್ನನ್ನು ಹೊರಗೆ ತಳ್ಳಿದವರುಂಟು, ನಾಯಿ ಬಿಟ್ಟವರೂ ಉಂಟು. ಈ ಪ್ರಶ್ನೆ ಯಾರೂ ಕೇಳಿರಲಿಲ್ಲ. ದಪ್ಪ ಪುಸ್ತಕದಲ್ಲೂ ಇದಕ್ಕೆ ಉತ್ತರವಿರಲಿಲ್ಲ.

"ಅಜ್ಜಿ, ನಿಮ್ಮ ಹಿತ್ತಲಲ್ಲಿ ಕೋಳಿ ಇದೆಯಲ್ಲ. ಶನಿವಾರ ಅದನ್ನ ಓಡಿಸ್ತೀರಾ?"

"ಅದ್ಯಾಕೆ ಓಡಿಸ್ಲಿ? ಅದರ ಪಾಡಿಗೆ ಅದಿರ್ತದೆ."

"ಮೀನೂ ಅದರ ಪಾಡಿಗೆ ಇರುತ್ತೆ. ಕೊಯ್ದು ಸಾರು ಮಾಡಿದ್ರೆ ತಾನೇ ವಾರ ನೋಡೋದು?"

ಅಜ್ಜಿ ತಲೆದೂಗಿದರು. ಗೆದ್ದೆ ಎಂದು ಬ್ಯಾಗು ಹೆಗಲಿಗೇರಿಸಿದೆ. ಅಜ್ಜಿ ಹಿಂದಿನಿಂದ ಕೂಗಿದರು.

"ಅದ್ಸರಿ, ಆ ಮೀನು ಶನಿವಾರಾನೂ ಹುಳ ತಿಂತದಲ್ಲ. ಅದು ಮಾಂಸಾನೇ ಅಲ್ವೇನಮ್ಮ?"

ಮೆಟ್ರೋದಲ್ಲಿ ನೌಕರರು

ಅದಕ್ಕೆ ಉತ್ತರ ಆಮೇಲೆ ಹೇಳುತ್ತೇನೆಂದು ಅಜ್ಜಿಯನ್ನು ಒಪ್ಪಿಸಿದೆ. ನಮ್ಮ ಇಲಾಖೆಯವರು ಮೀನು ಸಾಕುವ ತೊಟ್ಟಿ ಇದ್ದುದು ಕೆಂಗೇರಿ ಕಡೆ. ಜೀಪು ಕೇಳಿದರೆ ಸಿಗಲಿಲ್ಲ, ಹಾಗಂತ ಸುಮ್ಮನಿರುವವಳು ನಾನಲ್ಲ. ಪಾರದರ್ಶಕ ಪ್ಲಾಸ್ಟಿಕ್ ಡಬ್ಬದಲ್ಲಿ ಗಪ್ಪಿಗಳನ್ನು ತುಂಬಿಸಿಕೊಂಡು ಮೆಟ್ರೋ ಸ್ಟೇಷನ್ ಮೆಟ್ಟಿಲು ಹತ್ತಿದೆ. ಚೆಕಿಂಗ್ ಹತ್ತಿರ ನಿಂತಿದ್ದಾತ ಡಬ್ಬವನ್ನು ಬೆಳಕಿಗೆ ಹಿಡಿದು ನೋಡಿದ. ಒಳಗಿನಿಂದ ಮೀನುಗಳೂ ಅವನನ್ನು ನೋಡಿದವು.

"ಮೇಡಂ, ಇವು ಜೀವಂತ ಇವೆ."

"ಇರ್ಲಿ ಅಂತಾನೇ ನೀರು ಹಾಕಿದೀನಪ್ಪ."

"ಪ್ರಾಣಿ ಪಕ್ಷಿ ಬಿಡಲ್ಲ ಮೇಡಂ."

"ಇವು ಪ್ರಾಣಿ ಅಲ್ಲ, ಇಲಾಖೆ ಸಿಬ್ಬಂದಿ. ಡ್ಯೂಟಿ ಮೇಲೆ ಅತ್ತಿಗುಪ್ಪೆಗೆ ಹೋಗ್ತಾ ಇದಾವೆ." ಐಡಿ ಕಾರ್ಡು ತೋರಿಸಿದೆ. ಅವನು ಕಾರ್ಡು ನೋಡಿದ, ಡಬ್ಬ ನೋಡಿದ.

"ಕಾರ್ಡು ನಿಮ್ದೊಂದೇ ಇದೆ ಮೇಡಂ. ಹುರಿಸ್ಕೊಂಡು ಬಂದಿದ್ರೆ ನಾನೇನೂ ಕೇಳ್ತಿರ್ಲಿಲ್ಲ."

ಕಡೆಗೆ ಆಟೋ ಹಿಡಿದೆ. ಯಾವ ರಸ್ತೆಯುಬ್ಬಿಗೂ ವೇಗ ಇಳಿಸದ ಡ್ರೈವರು ವಿಷಯ ಕೇಳಿದ ಮೇಲೆ ಮೈಸೂರು ರೋಡಿನುದ್ದಕ್ಕೂ ಮದುವೆ ಮೆರವಣಿಗೆಯ ಹಾಗೆ ಓಡಿಸಿದ. ನನಗೆ ಬೆನ್ನು ನೋವಿದೆ ಎಂದು ಹತ್ತುವಾಗಲೇ ಹೇಳಿದ್ದೆ. ಅದಕ್ಕೆ ಇಳಿಯದ ವೇಗ ಮೀನಿಗೆ ಇಳಿಯಿತು.

ಅಜ್ಜಿ ರಾಹುಕಾಲ ಕಳೆಯುವವರೆಗೆ ನನ್ನನ್ನೂ ಡಬ್ಬವನ್ನೂ ಜಗಲಿಯಲ್ಲಿ ಕೂರಿಸಿದರು. "ಸೊಳ್ಳೆ ರಾಹುಕಾಲ ನೋಡಲ್ಲ ಅಜ್ಜಿ" ಎಂದೆ.

"ಅದಕ್ಕೇ ಅದನ್ನ ಎಲ್ರೂ ಹೊಡೀತಾರೆ" ಎಂದರು.

ಅತಿಥಿ ಸತ್ಕಾರ

ಮೀನು ಬಿಟ್ಟು ಕೆಲವು ವಾರಗಳಾದ ಮೇಲೆ ಸೆಕ್ರೆಟರಿ ವಾರ್ಡಿನ ಇಂಜಿನಿಯರನ್ನು ಕರೆದುಕೊಂಡು ಬಂದರು. ನಾನು ಎದೆ ಸೆಟೆಸಿ ಬಕೆಟ್ ಇಳಿಸಿದೆ. ಮೇಲೆ ಬಂದ ನೀರಿನಲ್ಲಿ ಮೀನಿದ್ದವು, ಹುಳವೂ ಇದ್ದವು. ಅಕ್ಕಪಕ್ಕದಲ್ಲೇ ಆರಾಮಾಗಿ ಈಜಿಕೊಂಡಿದ್ದವು. ಗಪ್ಪಿಗಳಂತೂ ಮೈ ತುಂಬಿಕೊಂಡಿದ್ದವು.

"ಏನ್ಮೇಡಂ, ಇವು ಸಂಧಾನ ಮಾಡ್ಕೊಂಡಿವೆ," ಎಂದರು ಸೆಕ್ರೆಟರಿ. ಇಂಜಿನಿಯರು, ಮುಂದಿನ ತಿಂಗಳು ಬರುತ್ತೇನೆ, ಆಗಲೂ ಹುಳ ಕಂಡರೆ ಚಪ್ಪಡಿ ಹಾಕಿಸಿಯೇ ಹೋಗುತ್ತೇನೆ ಎಂದು ಹೇಳಿ ಹೊರಟರು.

ನನಗೆ ಅವಮಾನವೂ ಆಯಿತು, ಭಯವೂ ಆಯಿತು. ಬಸುರಿ ಅಲ್ಲೇ ಸೊಳ್ಳೆ ಓಡಿಸಿಕೊಂಡು ಕೂತಿದ್ದಾಳೆ. ಪುಸ್ತಕ ಸುಳ್ಳೋ, ಮೀನು ಸುಳ್ಳೋ ಎಂದು ಬಾವಿಕಟ್ಟೆಗೆ ಒರಗಿ ನಿಂತೆ. ಅಷ್ಟರಲ್ಲಿ ಅಜ್ಜಿ ಮೊರದ ತುಂಬ ಕಡ್ಲೆಪುರಿ ತಂದು ಬಾವಿಗೆ ಸುರಿದರು. ನೀರು ಕುದಿಯುವ ಹಾಗೆ ಮೀನೆಲ್ಲ ಮೇಲೆದ್ದವು.

"ಅಜ್ಜಿ, ದಿನಾ ಹಾಕ್ತೀರಾ ಇದನ್ನ?"

"ಬೆಳಗ್ಗೆ ಪುರಿ, ಮಧ್ಯಾಹ್ನ ಅನ್ನ, ಸಾಯಂಕಾಲ ರಾಗಿಮುದ್ದೆ ಚೂರು. ಮನೆಗೆ ಬಂದವ್ರನ್ನ ಹೊಟ್ಟೆ ಹಸಿಸ್ಕೊಂಡು ಕೂರಿಸೋ ವಂಶ ಅಲ್ಲ ನಮ್ದು."

ಮುದ್ದೆ ತಿಂದು ಮಲಗಿದವರು ಹುಳ ಹಿಡಿಯಲು ಏಕೆ ಏಳುತ್ತಾರೆ?

"ಅಜ್ಜಿ, ಅವು ನೆಂಟರಲ್ಲ. ಸರ್ಕಾರಿ ನೌಕರರು. ಡ್ಯೂಟಿಗೆ ಬಂದಿವೆ. ಹುಳ ತಿನ್ನೋದೇ ಅವುಗಳ ಕೆಲಸ. ನೀವು ಊಟ ಹಾಕಿದ್ರೆ ಕೆಲಸ ನಿಲ್ಲುತ್ತೆ, ನಿಮ್ಮ ಮೊಮ್ಮಗಳಿಗೆ ಜ್ವರ ಬರುತ್ತೆ."

ಕಡೆಯ ಮಾತು ತಾಕಿತು. ಅಜ್ಜಿ ಖಾಲಿ ಮೊರವನ್ನು ಹಾಗೇ ಹಿಡಿದುಕೊಂಡು ಬಾವಿಯನ್ನು ಇಣುಕಿದರು.

"ಸರ್ಕಾರಿ ನೌಕರರಾ? ಮೊದಲೇ ಹೇಳ್ಬಾರ್ದಾ? ಅದಕ್ಕೇ ಉಂಡ್ಕೊಂಡು ಸುಮ್ನಿದ್ವು."

ಚಪ್ಪಡಿ ಬಂತು

ಅಂದಿನಿಂದ ಅಜ್ಜಿ ಕಡ್ಲೆಪುರಿ ನಿಲ್ಲಿಸಿದರು. ಬಾವಿಯ ಪಕ್ಕ ಹಾದುಹೋಗುವಾಗ ಮುಖ ತಿರುಗಿಸಿಕೊಳ್ಳುತ್ತಿದ್ದರಂತೆ. ಹಸಿದ ಮೀನನ್ನು ನೋಡಲಾರೆ ಎಂದು ಒಂದೆರಡು ಸಲ ಕಣ್ಣೀರೂ ಹಾಕಿದರಂತೆ. ಆದರೆ ಹಟ ಬಿಡಲಿಲ್ಲ. ಮೊಮ್ಮಗಳಿಗೆ ಹೆರಿಗೆಯಾಯಿತು, ಹೆಣ್ಣು ಮಗು. ಜ್ವರ ಆ ಮನೆಯ ಹೊಸಿಲು ತುಳಿಯಲಿಲ್ಲ. ಅಂದು ಮನೆಗೆ ಹೋಗಿ ನಾನು ಎರಡು ಸಲ ಅನ್ನ ಬಡಿಸಿಕೊಂಡೆ.

ಮುಂದಿನ ತಿಂಗಳು ಎಂದಿದ್ದ ಇಂಜಿನಿಯರು ನಮ್ಮ ಕಚೇರಿಗಳ ವಾಡಿಕೆಯಂತೆ ಬಹಳ ತಡವಾಗಿ ಬಂದರು. ಬಂದದ್ದು ಸರಿಯಾಗಿ ಗಂಗೆ ಪೂಜೆಯ ದಿನ. ಹಿಂದೆ ಟ್ರ್ಯಾಕ್ಟರ್, ಅದರಲ್ಲಿ ಚಪ್ಪಡಿಗಳು, ಟ್ರ್ಯಾಕ್ಟರಿನ ಪಕ್ಕ ಸೆಕ್ರೆಟರಿ. ಬಾವಿಕಟ್ಟೆಗೆ ಅರಿಶಿನ ಕುಂಕುಮ ಬಿದ್ದಿತ್ತು, ಬಾಣಂತಿ ಕಿವಿಗೆ ಬಟ್ಟೆ ಕಟ್ಟಿಕೊಂಡು ಕೂಸಿನೊಂದಿಗೆ ನಿಂತಿದ್ದಳು. ಅಜ್ಜಿ ರೇಷ್ಮೆ ಸೀರೆಯುಟ್ಟು ಕಟ್ಟೆಯ ಮೇಲೆ ಕೂತಿದ್ದರು.

"ಮುಚ್ಚೋದಾದ್ರೆ ನನ್ನೂ ಸೇರಿಸ್ಕೊಂಡು ಮುಚ್ಚಪ್ಪ. ಮೊದಲು ನೀರು ಸೇದಿ ನೋಡು."

ಇಂಜಿನಿಯರು ಸೇದಿದರು, ಮತ್ತೆ ಸೇದಿದರು. ಟಾರ್ಚ್ ಬಿಟ್ಟರು. ಮೀನಿನ ಮರಿಗಳು ಲೆಕ್ಕವಿಲ್ಲದಷ್ಟಾಗಿದ್ದವು, ಹುಳ ಒಂದೂ ಇರಲಿಲ್ಲ. ಕೈಬಿಟ್ಟು ಹೋಗುತ್ತಿರುವ ಪಾರ್ಕಿಂಗ್ ನೆನೆದು ಸೆಕ್ರೆಟರಿಗೆ ಸಂಕಟವಾಯಿತು.

"ಅಜ್ಜಿ, ಇವತ್ತು ಶನಿವಾರ. ಮೀನಿರೋ ನೀರಲ್ಲಿ ಗಂಗೆ ಪೂಜೆನಾ?"

ಅಜ್ಜಿ ಸೆರಗು ಸರಿಮಾಡಿಕೊಂಡರು.

"ಅವು ಮೀನಲ್ಲ ಕಣಪ್ಪ, ಸರ್ಕಾರಿ ನೌಕರರು. ಶನಿವಾರಾನೂ ರಜ ಹಾಕ್ದೆ ದುಡೀತಿರೋದು ಅವು ಮಾತ್ರಾನೇ." ಹೇಳುವಾಗ ಇಂಜಿನಿಯರನ್ನು ನೋಡಿದರು, ನ್ಯಾಯವಾಗಿ ನನ್ನನ್ನೂ ನೋಡಿದರು. "ತಂದಿರೋ ಚಪ್ಪಡೀಲಿ ಒಂದು ಇಲ್ಲೇ ಇಳಿಸಿ ಹೋಗಿ. ಬಟ್ಟೆ ಒಗೆಯೋಕಾಗ್ತದೆ."

ಇಳಿಸಿಯೇ ಹೋದರು. ಈಗ ಅದರ ಮೇಲೆ ಕೂಸಿನ ಬಟ್ಟೆ ಒಗೆಯುತ್ತಾರೆ.

ಆಮೇಲೊಂದು ಬೆಳಗ್ಗೆ ನಾನು ಆ ಬೀದಿಗೆ ಹೋದಾಗ ಸೆಕ್ರೆಟರಿ ಅಜ್ಜಿಯ ಮುಂದೆ ಖಾಲಿ ಉಪ್ಪಿನಕಾಯಿ ಬಾಟಲಿ ಹಿಡಿದು ನಿಂತಿದ್ದರು. ಅವರ ಮನೆಯ ಸಂಪಿನಲ್ಲಿ ಹುಳ ಆಗಿತ್ತು, ಅವರಿಗೇ ಜ್ವರ ಬಂದು ಹೋಗಿತ್ತು. ಟ್ರ್ಯಾಕ್ ಪ್ಯಾಂಟು ಸಡಿಲವಾಗಿತ್ತು.

"ಒಂದು ನಾಲ್ಕು ಮೀನು ಕೊಡಿ ಅಜ್ಜಿ. ನಿಮ್ಮಲ್ಲಿ ಬೇಕಾದಷ್ಟಿವೆ."

ಅಜ್ಜಿ ಹೊಸ ಚಪ್ಪಡಿಯ ಮೇಲೆ ಕೂತು ಎಲೆಗೆ ಸುಣ್ಣ ಸವರುತ್ತಿದ್ದರು. ತಲೆ ಎತ್ತಲಿಲ್ಲ.

"ಕೊಡೋಕೆ ನಾನ್ಯಾರಪ್ಪ?" ಎಂದರು. "ಸರ್ಕಾರಿ ನೌಕರರು ಅವು. ಹೋಗಿ ಟ್ರಾನ್ಸ್‌ಫರ್ ಆರ್ಡರ್ ತಗೊಂಡು ಬಾ."