ಕಾರು ಹೇಳಿದ ಮಾತು ಕೇಳಿದ ದಿನ

ಕಾರ್ ರೇಸಿನ ಆಟದಲ್ಲಿ ತಾವು ಪದೇ ಪದೇ ಸೋಲುತ್ತಿರುವುದಕ್ಕೆ ಕಂಪ್ಯೂಟರೇ ಕಾರಣ ಎಂದು ಕನ್ನಡಕದಂಗಡಿಯ ಯಜಮಾನರಿಗೆ ಖಾತ್ರಿಯಾಗಿತ್ತು. ಸೋಲುತ್ತಿದ್ದುದು ಬೇರೆ ಯಾರಿಗೋ ಆಗಿದ್ದರೆ ಸಹಿಸಿಕೊಳ್ಳಬಹುದಿತ್ತು. ಮಂಡಿ ಆಪರೇಷನ್ ಮಾಡಿಸಿಕೊಂಡು ಸುಧಾರಿಸಿಕೊಳ್ಳಲು ಬಂದಿದ್ದ ಅತ್ತೆಗೆ! ಹೊತ್ತು ಹೋಗಲೆಂದು ಆಟಕ್ಕೆ ಕೈ ಹಾಕಿದ ಅತ್ತೆ ಈಗ ಅಳಿಯನ ಮಾನಕ್ಕೇ ಕೈ ಹಾಕಿದ್ದರು.

“ನಾನು ಬಟನ್ ಒತ್ತಿದ ಮೇಲೆ ಕಾರು ನಿಧಾನವಾಗಿ ಯೋಚನೆ ಮಾಡಿ ತಿರುಗುತ್ತೆ ಕಣೇ. ಇದಕ್ಕೆ ಇನ್‌ಪುಟ್ ಲ್ಯಾಗ್ ಅಂತಾರೆ.”

“ಕಸ ಹಾಕಿ ಬನ್ನಿ ಅಂದ ಮೇಲೆ ನೀವು ಏಳ್ತೀರಲ್ಲ, ಹಾಗಾ?” ಎಂದಳು ಹೆಂಡತಿ.

ಅತ್ತೆ ವಾದಕ್ಕೆ ಬರಲಿಲ್ಲ. “ಅಳಿಯಂದ್ರೆ, ನಾಳೆ ಒಂದೇ ಆಟ. ನೀವು ಗೆದ್ರೆ ನಾನಿನ್ನು ಇದನ್ನ ಮುಟ್ಟಲ್ಲ. ನಾನು ಗೆದ್ರೆ ನನ್ನ ಮಂಚ ಈ ಕಂಪ್ಯೂಟರ್ ರೂಮಿಗೆ. ಹಾಲ್‌ನಲ್ಲಿ ಮಲಗಿದ್ರೆ ನಿದ್ದೇನೇ ಬರಲ್ಲ.”

ಇಡೀ ಮನೆಯಲ್ಲಿ ಬಾಗಿಲು ಹಾಕಿಕೊಂಡು ಕೂರಲು ಯಜಮಾನರಿಗಿದ್ದ ಏಕೈಕ ಸಾಮ್ರಾಜ್ಯ ಆ ರೂಮು (ಬಾತ್‌ರೂಮು ಬಿಟ್ಟರೆ). ಆದರೂ ಮೀಸೆ ತಿರುವಿ ಒಪ್ಪಿಕೊಂಡರು.

ಮರುದಿನ ಬೆಳಿಗ್ಗೆ ಕಂಪ್ಯೂಟರಿನ ಶುದ್ಧೀಕರಣ ಶುರುವಾಯಿತು. ಆಟದೊಳಗಿನ ಮರಗಳ ನೆರಳು ತೆಗೆದರು, ಹುಲ್ಲು ಬೋಳಿಸಿದರು, ರಸ್ತೆಯ ಹೊಳಪು ಅಳಿಸಿದರು. ಸೆಕೆಂಡಿಗೆ ಮೂವತ್ತು ಚಿತ್ರ ತೋರಿಸುವಷ್ಟರಲ್ಲೇ ಏದುಸಿರು ಬಿಡುತ್ತಿದ್ದ ಯಂತ್ರ ಎಪ್ಪತ್ತಕ್ಕೆ ಜಿಗಿಯಿತು. ಕಂಪ್ಯೂಟರಿಗೆ ಪರದೆಯಾಗಿ ಜೋಡಿಸಿದ್ದ, ಚಿತ್ರಕ್ಕೆ ಪೌಡರ್ ಹಚ್ಚಿ ತಡವಾಗಿ ತೋರಿಸುತ್ತಿದ್ದ ಟಿವಿಯನ್ನು ‘ಗೇಮ್ ಮೋಡ್’ಗೆ ತಂದರು. ಇನ್ನು ಬಟನ್ ಒತ್ತಿದ ತಕ್ಷಣ ಕಾರು ತಿರುಗಲೇಬೇಕು! ಪರದೆಯ ಮೂಲೆಯಲ್ಲಿ ಏರುತ್ತಿದ್ದ ಅಂಕಿಯನ್ನು ಕಣ್ತುಂಬ ನೋಡುತ್ತ, ಒಂದು ಸುತ್ತು ಓಡಿಸಿ ನೋಡುವುದನ್ನೇ ಮರೆತರು.

ಆಟ ಆರಂಭವಾಯಿತು. ಪರದೆಯ ಮೇಲರ್ಧದಲ್ಲಿ ಅಳಿಯ, ಕೆಳಗೆ ಅತ್ತೆ, ಬಾಗಿಲಲ್ಲಿ ಉಸಿರು ಬಿಗಿಹಿಡಿದ ಹೆಂಡತಿ. ನೇರ ರಸ್ತೆಯಲ್ಲಿ ಯಜಮಾನರು ಬಾಣದಂತೆ ಮುಂದೆ ಹೋದರು. ಮೊದಲ ತಿರುವು ಬಂತು. ಬರುವ ಮೊದಲೇ ಅವರ ಹೆಬ್ಬೆರಳು ಒತ್ತಿತು. ಕಾರು ವಿಧೇಯತೆಯಿಂದ ಆ ಕ್ಷಣವೇ ತಿರುಗಿ ಗೋಡೆಗೆ ಹೋಗಿ ಹೊಡೆಯಿತು.

ಲ್ಯಾಗಿಗೆ ಹೆದರಿ ತಿರುವಿಗಿಂತ ಮುಂಚೆಯೇ ಒತ್ತುವುದು ಅವರಿಗೆ ಎಂದೋ ಚಟವಾಗಿಬಿಟ್ಟಿತ್ತು. ಅತ್ತೆಯಾದರೋ ತಿರುವು ಬಂದ ಮೇಲೆ ಒತ್ತುವವರು. ಇಷ್ಟು ದಿನ ಗೋಡೆ ಸವರಿಕೊಂಡೇ ಗೆಲ್ಲುತ್ತಿದ್ದವರು, ಇಂದು ನೀರಿನಲ್ಲಿ ಮೀನಿನಂತೆ ಜಾರಿ ಹೋಗುತ್ತಿದ್ದರು.

“ಅಯ್ಯೋ, ಎಷ್ಟು ಚೆನ್ನಾಗಿ ಮಾತು ಕೇಳ್ತಿದೆ! ಏನು ಮಾಡಿದ್ರಿ ಅಳಿಯಂದ್ರೆ?”

ಯಜಮಾನರು ಹಲ್ಲು ಕಚ್ಚಿದರು. ಕೊನೆಯ ಸುತ್ತಿನಲ್ಲಿ ಹೇಗೋ ಅತ್ತೆಯ ಪಕ್ಕಕ್ಕೆ ಬಂದರು. ಉಳಿದಿದ್ದು ಒಂದೇ ತಿರುವು. ‘ಈಗಲ್ಲ... ಈಗಲ್ಲ...’ ಎಂದು ಹೆಬ್ಬೆರಳಿಗೆ ಅಂಗಲಾಚಿದರು. ಹೆಬ್ಬೆರಳು ಕೇಳಲಿಲ್ಲ. ಧಡ್!

“ಇಷ್ಟೆಲ್ಲ ರಿಪೇರಿ ಮಾಡಿದ್ದು ಅಮ್ಮನಿಗೋಸ್ಕರಾನಾ?” ಹೆಂಡತಿಯ ಕಣ್ಣಲ್ಲಿ ನೀರಾಡಿತು. “ನಿಮ್ಮ ಮನಸ್ಸು ನನಗೆ ಗೊತ್ತೇ ಆಗಿರಲಿಲ್ಲ ರೀ!”

ಯಜಮಾನರು ಹೌದೆಂಬಂತೆ ತಲೆಯಾಡಿಸಿದರು. ಆ ಸಂಜೆ ಮಂಚದ ಒಂದು ಬದಿ ಅವರು, ಇನ್ನೊಂದು ಬದಿ ಹೆಂಡತಿ ಹಿಡಿದು ಹೊರಟರು. ರೂಮಿನ ಬಾಗಿಲ ಹತ್ತಿರ ಮಂಚದ ಕಾಲು ಗೋಡೆಗೆ ಬಡಿದು ಹಿಡಿ ಗಾರೆ ಉದುರಿತು.

ಒಳಗಿನಿಂದ ಅತ್ತೆ ಪ್ರೀತಿಯಿಂದ ಹೇಳಿದರು: “ಸ್ವಲ್ಪ ಬೇಗ ತಿರುಗಿಸಿಬಿಟ್ರಿ, ಅಳಿಯಂದ್ರೆ.”