ಕಾಕಾನ ಗಾಡಿ, ಮಾಮಾನ ಗಾಡಿ

ಯಾವ ಕಂಪನಿಯ ಕಾರು ಹೆಚ್ಚು ಭರವಸೆಯದು ಎಂಬ ಮಾತು ತೆಗೆಯುವವರ ಮನೆಯಲ್ಲಿ ನಾನು ಚಹಾ ಕುಡಿಯುವುದನ್ನೂ ಬಿಟ್ಟಿದ್ದೇನೆ. ಬೆಳಗಾವಿಯಲ್ಲಿ ಆಗ ಕಾರು ಎಂದರೆ ಎರಡು ಮೂರು ಬಗೆ. ಅಷ್ಟು ಕಡಿಮೆ ಸರಕಿನ ಮೇಲೆ ಅಷ್ಟೊಂದು ಜಗಳ ಹೇಗೆ ಸಾಧ್ಯ ಎಂದು ತಿಳಿಯಬೇಕಾದರೆ ನಮ್ಮ ಮನೆಯಲ್ಲೇ ಹುಟ್ಟಬೇಕು. ರವಿವಾರ ಪೇಟೆಯಲ್ಲಿ ಬೆಲ್ಲದ ಅಂಗಡಿಯಿದ್ದ ಕಾಕಾನದು ದುಂಡು ಹೊಟ್ಟೆಯ ದೊಡ್ಡ ಗಾಡಿ. ವಕೀಲನಾದ ಮಾಮಾನದು ಸಣ್ಣ ಮೈಯ ಗಾಡಿ. ಕಂಪನಿಗಳ ಹೆಸರು ಹೇಳಲಾರೆ. ಇಬ್ಬರೂ ಇನ್ನೂ ಗಟ್ಟಿಯಾಗಿದ್ದಾರೆ, ಓದಲೂ ಬರುತ್ತದೆ. "ನಂದು ಎತ್ತಿನಂಗ ದುಡಿತೈತಿ," ಎಂದು ಕಾಕಾ. "ಎಣ್ಣಿ ಕುಡಿಯೂದು ನೋಡಿದ್ರ ಎಮ್ಮಿ ಅನಸ್ತದ್ರೀ," ಎಂದು ಮಾಮಾ. ತುಪ್ಪ ಹಾಕಿದ ಹೋಳಿಗೆ ತಣ್ಣಗಾದರೂ ವಾದ ಮುಗಿಯುತ್ತಿರಲಿಲ್ಲ.

ಹೆಣ್ಣು ನೋಡಲು ಖಾನಾಪುರಕ್ಕೆ ಹೊರಟ ದಿನ ಈ ವಾದ ನನ್ನ ಕುತ್ತಿಗೆಗೇ ಬಂತು. ನನಗೆ ಮೂವತ್ತು ದಾಟಿತ್ತು, ನೆತ್ತಿಯ ಮೇಲೆ ಕೂದಲು ತೆಳ್ಳಗಾಗುತ್ತಿತ್ತು. ಹುಡುಗಿಯ ತಂದೆ ಬಹಳ ಕಟ್ಟುನಿಟ್ಟು. ರಾಹುಕಾಲ ಹತ್ತಿದ ಮೇಲೆ ಬಂದವರಿಗೆ ಅವಲಕ್ಕಿ ಕೊಟ್ಟು ಕಳಿಸುತ್ತಾರೆ, ಹುಡುಗಿಯನ್ನು ತೋರಿಸುವುದಿಲ್ಲ ಎಂದು ಮಧ್ಯಸ್ಥರು ಎಚ್ಚರಿಸಿದ್ದರು. ಇಲ್ಲಿ ನೋಡಿದರೆ, ವರ ಯಾರ ಗಾಡಿಯಲ್ಲಿ ಕೂರಬೇಕು ಎಂಬುದೇ ಬಗೆಹರಿಯಲೊಲ್ಲದು. ಅಪ್ಪ ಪೇಪರಿನ ಹಿಂದೆ ಅಡಗಿದರು. ಕೊನೆಗೆ ಅವ್ವ ತೀರ್ಪು ಕೊಟ್ಟಳು: "ಪೀರನವಾಡಿತನಕ ಕಾಕಾನ ಗಾಡಿ, ಅಲ್ಲಿಂದ ಮಾಮಾನ ಗಾಡಿ. ಬರೂವಾಗ ಉಲ್ಟಾ."

ಪೀರನವಾಡಿಯಲ್ಲಿ ಪೆಟ್ರೋಲು ಉಳಿಯಲೆಂದು ಇಬ್ಬರೂ ಎಂಜಿನ್ ಬಂದ್ ಮಾಡಿದರು. ನಾನು ಇಳಿದು ಮಾಮಾನ ಬಾಜು ಕುಳಿತೆ. ಆಮೇಲೆ ಎರಡೂ ಗಾಡಿ ಚಾಲೂ ಆಗಲೊಲ್ಲವು. ಇಬ್ಬರೂ ಬಾನೆಟ್ ಎತ್ತಿ, ತಮ್ಮದನ್ನು ಬಿಟ್ಟು ಎದುರಿನವನದನ್ನೇ ನೋಡತೊಡಗಿದರು.

"ನಂದೇನೂ ಕೆಟ್ಟಿಲ್ಲ, ಬಿಸಿ ಆಗೇತಿ, ಅಷ್ಟ," ಎಂದ ಕಾಕಾ.

"ನಂದೂ ಕೆಟ್ಟಿಲ್ರೀ. ನಿಮ್ಮ ಹಿಂದ ಬಂದು ಬಂದು ಬ್ಯಾಸತ್ತದ."

ದಬ್ಬೋಣವೆಂದರೆ ಇಬ್ಬರೂ ಮುಟ್ಟಗೊಡಲಿಲ್ಲ. ಮೊದಲು ದಬ್ಬಿಸಿಕೊಂಡವನು ಸೋತಂತೆ. ನನ್ನ ಸಂಸಾರ ಶುರುವಾಗುವ ಮೊದಲೇ ಮುಗಿಯುತ್ತಿದೆ, ಇವರು ಕಾರ್ಬುರೇಟರಿನ ಮೇಲೆ ಭಾಷಣ ಮಾಡುತ್ತಿದ್ದಾರೆ. ಸಿಟ್ಟು ನೆತ್ತಿಗೇರಿತು. ಅಷ್ಟರಲ್ಲಿ ಖಾನಾಪುರದ ಬಸ್ಸು ಬಂತು. ಅಪ್ಪ, ಅವ್ವ ಇಬ್ಬರನ್ನೂ ಕರೆದುಕೊಂಡು ಹತ್ತಿಯೇ ಬಿಟ್ಟೆ. ಕಿಟಕಿಯಿಂದ ನೋಡಿದರೆ, ನಾವು ಹೋದದ್ದು ಅವರಿಬ್ಬರಿಗೂ ಗೊತ್ತಾದಂತಿರಲಿಲ್ಲ.

ರಾಹುಕಾಲ ಇನ್ನೇನು ಹತ್ತುತ್ತದೆ ಎನ್ನುವಾಗ ಮುಟ್ಟಿದೆವು. "ಎರಡು ಗಾಡಿ ಮಾಡ್ಕೊಂಡು ಬರ್ತೇವಿ ಅಂದಿದ್ರೆಲ್ರೀ?" ಎಂದರು ಹುಡುಗಿಯ ತಂದೆ. ಮುಚ್ಚಿಡುವ ತಾಳ್ಮೆ ನನಗೆ ಉಳಿದಿರಲಿಲ್ಲ, ನಡೆದದ್ದೆಲ್ಲ ಹೇಳಿದೆ. ತಲೆ ತಗ್ಗಿಸಿ ಕುಳಿತಿದ್ದ ಹುಡುಗಿ, "ದಬ್ಬಲಿಲ್ಲೇನ್ರಿ?" ಎಂದಳು.

"ಇಬ್ರೂ ಬಿಡಲಿಲ್ಲ."

"ನಮ್ಮಲ್ಲೆ ದಿನಾ ದಬ್ಬತೇವ್ರಿ."

ಅವಳ ತಂದೆ ಕೆಮ್ಮಿದರು. ಹೊರಗೆ ಬೇವಿನ ಮರದ ಕೆಳಗೆ ಮೂರನೆಯ ಕಂಪನಿಯದೊಂದು ಗಾಡಿ ನಿಂತಿತ್ತು. ಹುಡುಗಿ ನಕ್ಕಳು, ನಾನೂ ನಕ್ಕೆ. ಅಲ್ಲಿಗೆ ನನ್ನ ಮದುವೆ ಪಕ್ಕಾ ಆಯಿತು.

ಕಣ್ಣು ಮಂಜಾದ ಮೇಲೆ ಹೆಂಡತಿಯ ತಂದೆ ಆ ಗಾಡಿಯನ್ನು ನಮಗೇ ದಾಟಿಸಿದರು. ಮೊನ್ನೆ ಮನೆಯ ಮುಂದೆ ಹೆಂಡತಿ ಸ್ಟೇರಿಂಗ್ ಹಿಡಿದಿದ್ದಳು. ಕಾಕಾ ಮತ್ತು ಮಾಮಾ ಜೀವಮಾನದಲ್ಲೇ ಮೊದಲ ಸಲ ಒಂದಾಗಿ, ನಗುತ್ತಾ, ಹಿಂದಿನಿಂದ ದಬ್ಬುತ್ತಿದ್ದರು. ನಾನೂ ಅವರ ನಡುವೆ ಹೆಗಲು ಕೊಟ್ಟು, ಏದುಸಿರು ಬಿಡುತ್ತಾ ಹೇಳಿದೆ: "ನೀವು ಏನರ ಅನ್ರಿ, ಭರವಸಿ ಗಾಡಿ ಅಂದ್ರ ಇದ ನೋಡ್ರಿ."