ಗದ್ದದ ಮೊಡವೆಯೂ ನಿರಪರಾಧಿ ದೋಸೆಯೂ

ನನಗೆ ಸಿಟ್ಟು ಬಂದಿದೆ ಎಂದು ಮೊದಲೇ ಹೇಳಿಬಿಡುತ್ತೇನೆ. ನಲವತ್ತೆಂಟನೆಯ ವಯಸ್ಸಿನಲ್ಲಿ, ಮೀಸೆ ನರೆತ ಮೇಲೆ, ಗದ್ದದ ಕೆಳಗೆ ಸಾಲಾಗಿ ಮೊಡವೆ ಎದ್ದರೆ ಯಾರಿಗೆ ತಾನೇ ಸಿಟ್ಟು ಬರುವುದಿಲ್ಲ? ಹರೆಯದಲ್ಲಿ ಬಂದಿದ್ದರೆ ಹೆಮ್ಮೆಯನ್ನಾದರೂ ಪಡಬಹುದಿತ್ತು. ಈಗ ಕ್ಷೌರದ ಕತ್ತಿ ಕಂಡರೇ ಕಣ್ಣಲ್ಲಿ ನೀರು.

ಆದರೆ ನನ್ನ ಸಿಟ್ಟು ಮೊಡವೆಯ ಮೇಲಲ್ಲ, ಸಲಹೆ ಕೊಟ್ಟವರ ಮೇಲೆ. ದಾವಣಗೆರೆಯಲ್ಲಿ ಯಾರ ಮೈಮೇಲೆ ಏನೇ ಎದ್ದರೂ ಆಪಾದನೆ ಬರುವುದು ಬೆಣ್ಣೆ ದೋಸೆಯ ಮೇಲೆ. ನಿಟ್ಟುವಳ್ಳಿಯ ಮನೆಯಿಂದ ಹರಿಹರದ ಕಚೇರಿಗೆ ದಿನಾ ಸ್ಕೂಟರಿನಲ್ಲಿ ಹೋಗುವವನು ನಾನು. ಹೆಲ್ಮೆಟ್ ತೆಗೆಯುವುದೇ ತಡ, ಪಕ್ಕದ ಮೇಜಿನ ಬಸಣ್ಣ ನನ್ನ ಗದ್ದವನ್ನು ಫೈಲಿನಂತೆ ಪರಿಶೀಲಿಸಿ, "ಬೆಣ್ಣಿ ಜಾಸ್ತಿ ಆಗೇತ್ರಿ ಸಾರ್. ದೋಸೆ ಬಿಟ್ಬಿಡ್ರಿ" ಎನ್ನುತ್ತಿದ್ದ. ಹೆಂಡತಿಯೂ ಅದನ್ನೇ ಹೇಳಿದಳು. ಬಿಟ್ಟೆ! ಮೂರು ತಿಂಗಳು, ಭಾನುವಾರ ಬೆಳಿಗ್ಗೆ ಮನೆಮಂದಿಯೆಲ್ಲ ಹೋಟೆಲಿನಲ್ಲಿ ದೋಸೆ ಮುರಿಯುವಾಗ, ನಾನು ಎದುರಿಗೆ ಕೂತು ಸಪ್ಪೆ ಇಡ್ಲಿ ತಿಂದೆ. ಮೊಡವೆ ಮಾತ್ರ ಒಂದೂ ಕದಲಲಿಲ್ಲ.

ಕೊನೆಗೆ ಎಸ್.ಎಸ್. ಬಡಾವಣೆಯ ಚರ್ಮದ ಡಾಕ್ಟರಮ್ಮನ ಹತ್ತಿರ ಹೋದೆ. ಆಕೆ ಗದ್ದಕ್ಕಿಂತ ಮೊದಲು ನನ್ನ ಕೈಯಲ್ಲಿದ್ದ ಹೆಲ್ಮೆಟ್ ನೋಡಿದರು. "ಗದ್ದದ ಕೆಳಗೆ ಕಟ್ಟೋ ಈ ಪಟ್ಟಿ ಯಾವತ್ತಾದ್ರೂ ತೊಳ್ದೀರೇನ್ರಿ? ಬೆವರಿನ ಮ್ಯಾಲೆ ಬಿಗಿಯಾಗಿ ಒತ್ತಿ, ದಿನಾ ತಿಕ್ಕಿ ತಿಕ್ಕಿ ಹಿಂಗಾಗೇತಿ. ದೋಸೆ ಏನ್ ಮಾಡೀತು ಪಾಪ! ಹೆಲ್ಮೆಟ್ ಬಿಡಬ್ಯಾಡ್ರಿ, ಪಟ್ಟಿ ತೊಳೀರಿ, ಅದರ ಒಳಗೆ ಮೆತ್ತನೆ ಅರಿವೆ ಇಡ್ರಿ" ಎಂದರು.

ಮೂರು ತಿಂಗಳು! ಹನ್ನೆರಡು ಭಾನುವಾರ! ಮನೆಗೆ ಬಂದವನೇ ಕೂಗಾಡಿದೆ. "ತಪ್ಪು ಪಟ್ಟೀದು, ಶಿಕ್ಷೆ ನಂಗೆ! ಗೊತ್ತಿಲ್ದೋರಿಗೆ ಬಾಯಿ ಮುಚ್ಕೊಂಡು ಇರಾಕೆ ಏನ್ ಧಾಡಿ?"

ಕಾಲೇಜಿಗೆ ಹೋಗುವ ಮಗಳು ಸುಮಾ ಪುಸ್ತಕದಿಂದ ತಲೆ ಎತ್ತಿದಳು. "ಅಪ್ಪಾ, ಹೈಸ್ಕೂಲಿನ್ಯಾಗೆ ನನ್ನ ಭುಜದ ಮ್ಯಾಲೆ ಮೊಡವೆ ಎದ್ದಿದ್ವಲ್ಲ, ಬ್ಯಾಗಿನ ಪಟ್ಟಿ ಕೂರೋ ಜಾಗದಾಗೆ? ಆಗ ನನ್ನ ದೋಸೆ ಬಿಡ್ಸಿದ್ದು ಯಾರು? ಎರಡು ವರ್ಷ, ಅಪ್ಪಾ."

ಬಿಡಿಸಿದ್ದು ನಾನೇ. ನನ್ನ ದೋಸೆಗೆ ಇನ್ನಷ್ಟು ಬೆಣ್ಣೆ ಹಾಕಿಸಿಕೊಳ್ಳುತ್ತ ಅವಳಿಗೆ ಇಡ್ಲಿ ಹೇಳುತ್ತಿದ್ದೆ. ಬ್ಯಾಗ್ ಭಾರ ಎಂದು ಅವಳು ಅತ್ತಾಗ, ಪಟ್ಟಿ ಇನ್ನೂ ಬಿಗಿ ಮಾಡು ಎಂದವನೂ ನಾನೇ. ನಿಜಕ್ಕೂ ನಾಚಿಕೆಯಾಯಿತು.

ಮುಂದಿನ ಭಾನುವಾರ ಹೋಟೆಲಿನಲ್ಲಿ ಸುಮಾ ಎರಡು ಬೆಣ್ಣೆ ದೋಸೆ ತರಿಸಿದಳು. ಒಂದು ನನಗಿರಬೇಕೆಂದು ಕೈ ಚಾಚಿದೆ.

"ಎರಡೂ ನಂದೇ. ನಿಮಗೆ ಇಡ್ಲಿ ಹೇಳೀನಿ" ಎಂದಳು.

ತೆಪ್ಪಗೆ ತಿಂದೆ.